ಮನವಿ ಪರಿಶೀಲನೆಯಲ್ಲಿದೆ, ಗಡಿಯಾರ ಓಡ್ತಿದೆ

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡೋ ವೀಕ್ಷಕರಿಗೆ ಇವತ್ತು ಒಂದು ನೇರ ಪ್ರಶ್ನೆ. ನಿಮಗಿಂತ ಜೂನಿಯರ್ ಆದವರಿಗೆ ಬಡ್ತಿ ಸಿಕ್ತು, ನಿಮಗೆ ಸಿಗಲಿಲ್ಲ. ಕಾರಣ ನಿಮ್ಮ ಜಾತಿಯೋ, ನೀವು ಹೆಣ್ಣು ಅನ್ನೋದೋ, ನಿಮ್ಮ ಅಂಗವೈಕಲ್ಯವೋ, ಅದಂತೂ ನಿಮಗೆ ಖಾತ್ರಿಯಾಗಿ ಗೊತ್ತು. ಏನ್ಮಾಡ್ತೀರಿ?

"ಒಂದು ಮನವಿ ಕೊಡ್ತೀನಿ ಸಾರ್" ಅಂತೀರಿ. ಸರಿ, ಕೊಟ್ರಿ. ಟಪಾಲು ಸೀಲು ಬಿತ್ತು. ಮೂರು ತಿಂಗಳು ಕಾದು ಕೇಳಿದ್ರಿ, "ಪರಿಶೀಲನೆಯಲ್ಲಿದೆ" ಅಂದ್ರು. ಒಂದು ಜ್ಞಾಪನ ಪತ್ರ ಬರೆದ್ರಿ. ಸಾಹೇಬರು ವರ್ಗ ಆದ್ರು, ಹೊಸಬರು ಬಂದ್ರು, ಅವರಿಗೊಂದು ಮನವಿ. ಹೀಗೇ ಎರಡು ವರ್ಷ. ಕೊನೆಗೆ ಸಿಟ್ಟು ಬಂದು ವಕೀಲರ ಹತ್ರ ಹೋದ್ರೆ ಅವರು ಕೇಳೋ ಮೊದಲ ಪ್ರಶ್ನೆ ಅನ್ಯಾಯ ಏನು ಅಂತಲ್ಲ. ಆದೇಶದ ದಿನಾಂಕ ಯಾವುದು ಅಂತ!

ಸಂವಿಧಾನದ 16ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇಂಥ ಕಾರಣಗಳಿಗೆ ಭೇದ ಮಾಡೋ ಹಾಗಿಲ್ಲ. ಆದರೆ ಈ ಹಕ್ಕನ್ನ ಕೇಳೋದಕ್ಕೆ ಎಷ್ಟು ದಿನ ಟೈಮ್ ಇದೆ ಅನ್ನೋದು ಸಂವಿಧಾನದಲ್ಲಿ ಇಲ್ಲ. ಅದು ಇರೋದು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 20 ಮತ್ತು 21ನೇ ಸೆಕ್ಷನ್‌ಗಳಲ್ಲಿ. ರಾಜ್ಯ ಸರ್ಕಾರಿ ನೌಕರರು ಹೋಗೋ ಕೆಎಟಿಗೂ ಇದೇ ಕಾಯ್ದೆ, ಕೇಂದ್ರ ಸರ್ಕಾರಿ ನೌಕರರು ಹೋಗೋ ಸಿಎಟಿಗೂ ಇದೇ ಕಾಯ್ದೆ. ನೇರವಾಗಿ ಹೈಕೋರ್ಟ್‌ಗೆ ಹೋಗ್ತೀನಿ ಅಂದ್ರೆ ಆಗಲ್ಲ. ಮೊದಲು ನ್ಯಾಯಮಂಡಳಿ, ಆಮೇಲೆ ಹೈಕೋರ್ಟ್ ಅಂತ 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಈಗ ಲೆಕ್ಕಕ್ಕೆ ಬನ್ನಿ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಲೆಕ್ಕ ಹಾಕದೆ ನನಗೆ ಸಮಾಧಾನ ಇಲ್ಲ. ಅಂತಿಮ ಆದೇಶ ಬಂದಿದ್ರೆ, ಬಂದ ದಿನದಿಂದ 1 ವರ್ಷ. ಮೇಲ್ಮನವಿಯೋ ಮನವಿಯೋ ಕೊಟ್ಟು ಉತ್ತರವೇ ಬರದಿದ್ರೆ, ಕೊಟ್ಟ ದಿನದಿಂದ 6 ತಿಂಗಳು ಕಾಯಬೇಕು, ಆ 6 ತಿಂಗಳು ಮುಗಿದ ಮೇಲೆ 1 ವರ್ಷ. ಅಷ್ಟೇ ರೀ.

ಒಂದು ಉದಾಹರಣೆ ಇಟ್ಕೊಳ್ಳೋಣ. ತಾಲ್ಲೂಕು ಕಚೇರಿಯ ಒಬ್ಬ ಎಫ್‌ಡಿಎ ಮೇಡಂ. 2023ರ ಜನವರಿಯಲ್ಲಿ ಬಡ್ತಿ ಆದೇಶ ಬಂತು, ಅವರ ಹೆಸರು ಇಲ್ಲ. ಫೆಬ್ರವರಿ 1ಕ್ಕೆ ಮನವಿ ಕೊಟ್ರು. ಉತ್ತರ ಇಲ್ಲ. ಜುಲೈ ಕೊನೆಗೆ 6 ತಿಂಗಳು ಮುಗೀತು. ಅಲ್ಲಿಂದ 1 ವರ್ಷ ಅಂದ್ರೆ 2024ರ ಜುಲೈ ಕೊನೆ. ಈ ನಡುವೆ ಅವರು ನಾಲ್ಕು ಜ್ಞಾಪನ ಪತ್ರ ಬರೆದ್ರು. ಸೆಪ್ಟೆಂಬರ್‌ನಲ್ಲಿ ಇಲಾಖೆಯಿಂದ ಒಂದು ಸಾಲಿನ ಉತ್ತರ ಬಂತು, "ತಮ್ಮ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ." ಸದ್ಯ ಉತ್ತರವಾದ್ರೂ ಬಂತಲ್ಲ ಅಂತ ಅದನ್ನ ಹಿಡ್ಕೊಂಡು ಅಕ್ಟೋಬರ್‌ನಲ್ಲಿ ಕೆಎಟಿ ಮೆಟ್ಟಿಲು ಹತ್ತಿದ್ರೆ, ಅಲ್ಲಿ ಸರ್ಕಾರಿ ವಕೀಲರು ಎತ್ತೋ ಮೊದಲ ಆಕ್ಷೇಪಣೆಯೇ ಅವಧಿ ಮೀರಿದೆ ಅನ್ನೋದು.

ಆ ನಾಲ್ಕು ಜ್ಞಾಪನ ಪತ್ರ? ಸೊನ್ನೆ. 1989ರಲ್ಲಿ ಎಸ್.ಎಸ್. ರಾಥೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಇದನ್ನ ತೀರ್ಮಾನ ಮಾಡಿಬಿಟ್ಟಿದೆ. ನಿಯಮದಲ್ಲಿ ಇಲ್ಲದ ಮನವಿಗಳನ್ನ ಎಷ್ಟು ಸಲ ಕೊಟ್ರೂ ಕಾಲಮಿತಿ ಉದ್ದ ಆಗಲ್ಲ. ಅದಕ್ಕೇ ಅನುಭವಿ ವಕೀಲರು 6 ತಿಂಗಳನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಮೂಲ ಆದೇಶ ಕೈಗೆ ಬಂದ ದಿನದಿಂದಲೇ 1 ವರ್ಷ ಎಣಿಸ್ತಾರೆ.

ತಡವಾಗಿ ಬಂದ ಉತ್ತರದ ಕಥೆ ಏನು ಅಂತೀರಾ? ಅದಕ್ಕೆ 2008ರ ಸಿ. ಜೇಕಬ್ ಪ್ರಕರಣ ನೋಡಿ. ತಮಿಳುನಾಡಿನ ಗಣಿ ಇಲಾಖೆಯ ನೌಕರ. ಕೆಲಸ ಹೋಗಿ ಹೆಚ್ಚುಕಮ್ಮಿ ಎರಡು ದಶಕ ಆದಮೇಲೆ ಮನವಿ ಕೊಟ್ರು. ಇಂಥ ಕೇಸುಗಳಲ್ಲಿ ಒಂದು ಉಪಾಯ ಇರುತ್ತೆ. "ನನ್ನ ಮನವಿಯನ್ನ ಪರಿಗಣಿಸಿ ಅಂತ ಇಲಾಖೆಗೆ ಹೇಳಿ ಸ್ವಾಮಿ, ಅಷ್ಟು ಸಾಕು" ಅಂತ ಕೇಳೋದು. ಪಾಪ, ಅದರಲ್ಲೇನು ತಪ್ಪು ಅಂತ ಆದೇಶ ಆಗುತ್ತೆ. ಇಲಾಖೆ ತಿರಸ್ಕರಿಸುತ್ತೆ. ಆ ತಿರಸ್ಕಾರವೇ ಹೊಸ ಆದೇಶ, ಇಲ್ಲಿಂದ ಹೊಸ ಲೆಕ್ಕ ಅಂತ ಮತ್ತೆ ಬರೋದು. ಸುಪ್ರೀಂ ಕೋರ್ಟ್ ಈ ಬಾಗಿಲು ಮುಚ್ಚಿತು. ಸತ್ತ ತಕರಾರಿಗೆ ಇಲಾಖೆ ಉತ್ತರ ಕೊಟ್ಟ ಮಾತ್ರಕ್ಕೆ ಜೀವ ಬರಲ್ಲ.

ಅಲ್ಲಾ ಸ್ವಾಮಿ, ಕಡತವನ್ನ ವರ್ಷಗಟ್ಟಲೆ ಕಪಾಟಲ್ಲಿ ಇಟ್ಕೊಳ್ಳೋ ಸರ್ಕಾರಕ್ಕೆ ಯಾವ ಗಡುವೂ ಇಲ್ಲ, ಸಂಬಳ ಬಿಟ್ರೆ ಬೇರೇನೂ ಇಲ್ಲದ ನೌಕರನಿಗೆ ಮಾತ್ರ ಒಂದು ವರ್ಷದ ಗಡುವಾ? ಈ ಸಿಟ್ಟು ನನಗೂ ಇದೆ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಬಡ್ತಿ ಅನ್ನೋದು ಒಬ್ಬರ ವಿಷಯ ಅಲ್ಲ. ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮನ್ನ ಮೇಲಕ್ಕೆ ತಂದ್ರೆ ಕೆಳಗಿರೋ ಹತ್ತಾರು ಜನ ಒಂದೊಂದು ಮೆಟ್ಟಿಲು ಇಳೀತಾರೆ. ಐದು ವರ್ಷ ಆ ಹುದ್ದೆಯಲ್ಲಿ ಕೂತವರನ್ನ ಎಬ್ಬಿಸೋಕೆ ಕೋರ್ಟ್ ಹಿಂಜರಿಯುತ್ತೆ. ಸಂಬಳ, ಪಿಂಚಣಿ ವಿಷಯ ಹಾಗಲ್ಲ. ಪ್ರತಿ ತಿಂಗಳು ಕಡಿಮೆ ಕೊಡ್ತಾ ಹೋದ್ರೆ ಪ್ರತಿ ತಿಂಗಳೂ ಹೊಸ ಅನ್ಯಾಯ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸ ಬಿಡಿಸಿ ಹೇಳಿತು. ಪಿಂಚಣಿ ತಡವಾಗಿ ಕೇಳಿದ್ರೂ ಸಿಗುತ್ತೆ, ಹಿಂಬಾಕಿ ಮಾತ್ರ ಹಿಂದಿನ 3 ವರ್ಷದ್ದು. ಜ್ಯೇಷ್ಠತೆ, ಬಡ್ತಿ ತಡವಾದ್ರೆ ಹೋಯ್ತು.

ಕೆಲವೇ ತಿಂಗಳು ಎಷ್ಟು ದುಬಾರಿ ಅಂತ ತಿಳೀಬೇಕಾದ್ರೆ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ಅವರನ್ನ ನೆನೀಬೇಕು. ವಿರಾಜಪೇಟೆಯಲ್ಲಿ ಹುಟ್ಟಿ, 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆ ಆಗಬೇಕಾದ್ರೆ ಹೆಣ್ಣು ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೀಬೇಕು, ಸಂಸಾರದಿಂದ ಕೆಲಸಕ್ಕೆ ತೊಂದರೆ ಅಂತ ಅನಿಸಿದ್ರೆ ರಾಜೀನಾಮೆ ಕೇಳಬಹುದು ಅಂತ ನಿಯಮ ಇದ್ದ ಕಾಲ. ಗಂಡಸರಿಗೆ ಈ ನಿಯಮ ಇರಲಿಲ್ಲ! ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟ್‌ಗೇ ಹೋದ್ರು. ಕೇಸು ನಡೀತಾ ಇದ್ದಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಡ್ತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅರ್ಜಿ ಮುಗಿಸೋವಾಗ ಒಂದು ಮಾತು ಸೇರಿಸಿದ್ರು. ಈ ನಡುವಿನ ಕೆಲವು ತಿಂಗಳಲ್ಲಿ ಜೂನಿಯರ್‌ಗಳು ಮುಂದೆ ಹೋಗಿದ್ದಾರೆ, ಹಾಗಾಗಿ ಇವರ ಜ್ಯೇಷ್ಠತೆಯನ್ನ ಮತ್ತೆ ಪರಿಶೀಲಿಸಿ ಅಂದ್ರು. ಅವರು ಕಾಯ್ತಾ ಕೂತಿದ್ರೆ ಈ ಮಾತು ಹುಟ್ಟೋಕೆ ಜಾಗವೇ ಇರ್ತಿರಲಿಲ್ಲ.

ಲೈಂಗಿಕ ಕಿರುಕುಳದ ದೂರಿಗೆ ಗಡುವು ಇನ್ನೂ ಬಿಗಿ. 2013ರ ಕಾಯ್ದೆ ಪ್ರಕಾರ ಘಟನೆ ನಡೆದ 3 ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಕೊಡಬೇಕು. ಮತ್ತೆ ಮತ್ತೆ ನಡೆದಿದ್ರೆ ಕೊನೆಯ ಘಟನೆಯಿಂದ ಎಣಿಕೆ. ಕಾರಣ ಬರೆದಿಟ್ಟು ಸಮಿತಿ ಇನ್ನೊಂದು 3 ತಿಂಗಳು ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಕೋಲ್ಕತ್ತಾದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕಿ ಕುಲಪತಿ ಮೇಲೆ ಕೊಟ್ಟ ದೂರು 6 ತಿಂಗಳೂ ದಾಟಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವಧಿ ಮೀರಿದೆ ಅಂತಲೇ ಹೇಳಿತು. ಆದರೆ ಈ ತೀರ್ಪು ಆ ಕುಲಪತಿಯ ರೆಸ್ಯೂಮೆಯಲ್ಲಿ ಸೇರಬೇಕು ಅಂತಲೂ ಹೇಳಿತು. ಆಘಾತದಿಂದ ಹೊರಗೆ ಬಂದು, ಮನೆಯವರಿಗೆ ಹೇಳಿ, ಧೈರ್ಯ ಮಾಡಿ ಬರೆಯೋದಕ್ಕೆ ಮೂರು ತಿಂಗಳು ಸಾಲದು ಅನ್ನೋದು ನನ್ನ ಅಭಿಪ್ರಾಯ. ಅಮೆರಿಕದ ಫೆಡರಲ್ ನೌಕರರಿಗೆ ತಾರತಮ್ಯದ ವಿಷಯದಲ್ಲಿ ಕೌನ್ಸೆಲರ್ ಬಳಿ ಹೋಗೋಕೆ 45 ದಿನ ಮಾತ್ರ ಅಂತ ಕೆಲವರು ವಾದ ಮಾಡ್ತಾರೆ. ಹೌದು, ಆದರೆ ಅದು ಬರೀ ಮೊದಲ ಮಾತುಕತೆ, ವಿಧಿವತ್ತಾದ ದೂರು ಆಮೇಲಿನದು.

ಅಂಗವಿಕಲ ನೌಕರರಿಗೆ 2016ರ ಕಾಯ್ದೆಯಲ್ಲಿ ಗಡುವು ಅಧಿಕಾರಿಯ ತಲೆ ಮೇಲಿದೆ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ನೋಂದಾಯಿಸಿದ 2 ವಾರದೊಳಗೆ ವಿಚಾರಣೆ ಮಾಡಬೇಕು. ತೃಪ್ತಿ ಆಗದಿದ್ರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ನಿಮ್ಮ ಕಚೇರಿಯಲ್ಲಿ ಆ ಅಧಿಕಾರಿ ಯಾರು ಅಂತ ನಾಳೆ ಬೆಳಿಗ್ಗೆ ಒಮ್ಮೆ ಕೇಳಿ ನೋಡಿ.

ಅವಧಿ ಮೀರಿದವರಿಗೆ ದಾರಿ ಇಲ್ಲವೇ ಇಲ್ಲ ಅಂತಲ್ಲ. 21ನೇ ಸೆಕ್ಷನ್‌ನಲ್ಲೇ ವಿಳಂಬ ಮನ್ನಾ ಮಾಡೋ ಅವಕಾಶ ಇದೆ. ಆಸ್ಪತ್ರೆಯಲ್ಲಿದ್ರಾ, ಆದೇಶವನ್ನ ನಿಮಗೆ ಕೊಟ್ಟೇ ಇರಲಿಲ್ವಾ, ದಾಖಲೆ ಸಮೇತ ಹೇಳಿ. "ಸಾಹೇಬರು ನೋಡ್ತೀನಿ ಅಂದಿದ್ರು, ಅದಕ್ಕೇ ಕಾದೆ" ಅನ್ನೋದನ್ನ ನಂಬಿಕೊಂಡು ಮಾತ್ರ ಹೋಗಬೇಡಿ.

ಆದೇಶದ ಪ್ರತಿ ಕೈಗೆ ಬಂದ ದಿನ ಅದರ ಹಿಂದೆ ಪೆನ್ನಲ್ಲಿ ಎರಡು ದಿನಾಂಕ ಬರೆದಿಡಿ. ಒಂದು ಇವತ್ತಿನದು, ಇನ್ನೊಂದು ಮುಂದಿನ ವರ್ಷದ ಇದೇ ದಿನದ್ದು. ಮನವಿ ಒಂದೇ ಸಲ, ಸರಿಯಾಗಿ, ಸೀಲು ಹಾಕಿಸಿಕೊಂಡು ಕೊಡಿ. ಎರಡನೇ ಜ್ಞಾಪನ ಪತ್ರ ಬರೆಯೋ ಹೊತ್ತಿಗೆ ವಕೀಲರ ಮನೆಗೆ ಹೋಗಿ ಬನ್ನಿ.