ಮುಳುಗಿದ ದೋಣಿಯ ಬೆಲೆ ಎಷ್ಟು?

2018ರ ಜುಲೈ 19ರ ಸಂಜೆ. ಅಮೆರಿಕದ ಮಿಸೌರಿ ರಾಜ್ಯ, ಬ್ರಾನ್ಸನ್ ಪ್ರವಾಸಿ ತಾಣದ ಟೇಬಲ್ ರಾಕ್ ಸರೋವರ. ನೆಲದ ಮೇಲೂ ನೀರಿನ ಮೇಲೂ ಓಡುವ 'ಡಕ್ ಬೋಟ್' 31 ಜನರನ್ನು ಹೊತ್ತು ನೀರಿಗಿಳಿಯಿತು. ಬಿರುಗಾಳಿಯ ಮುನ್ನೆಚ್ಚರಿಕೆ ಅಷ್ಟರಲ್ಲೇ ಹೊರಬಿದ್ದಿತ್ತು. ದೋಣಿ ಮುಳುಗಿತು; 17 ಮಂದಿ ಬದುಕಿ ಬರಲಿಲ್ಲ. ಅವರಲ್ಲಿ 9 ಮಂದಿ ಒಂದೇ ಕುಟುಂಬದವರು.

ಸಂತ್ರಸ್ತರು ಪರಿಹಾರ ಕೇಳಿ ಕೋರ್ಟಿಗೆ ಹೋದರು. ಮಾಲೀಕ ಕಂಪನಿ ಆಗ ಹೊರತೆಗೆದದ್ದು 1851ರ ಒಂದು ಕಡಲ ಕಾನೂನನ್ನು! ಮಾಲೀಕನ ಅರಿವಿಗೆ ಬಾರದೆ ಅವಘಡ ನಡೆದಿದ್ದರೆ, ಅವನ ಹೊಣೆ ಅಪಘಾತದ ನಂತರ ಹಡಗಿಗೆ ಉಳಿದ ಬೆಲೆಗಷ್ಟೇ ಸೀಮಿತ. ಮುಳುಗಿದ ದೋಣಿಗೆ ಎಲ್ಲಿಯ ಬೆಲೆ? ಸೊನ್ನೆ, ಎಂದಿತು ಕಂಪನಿ. ಜಾಣ ವಾದವೇ ಸರಿ, ಆದರೆ ಹೆಣಗಳ ಮುಂದೆ ನಿಂತು ಆಡುವ ಮಾತಲ್ಲ.

ಇಡೀ ವಾದ ನಿಂತದ್ದು ಒಂದು ಪ್ರಶ್ನೆಯ ಮೇಲೆ: ಕಡಲ ಕಾನೂನು ಅನ್ವಯಿಸಲು ಈ ಸರೋವರ ಹಡಗು ಸಂಚಾರದ ಜಲಮಾರ್ಗವೇ? ವೈಟ್ ನದಿಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರಿದು. ಅಲ್ಲ ಎಂದ ಫೆಡರಲ್ ನ್ಯಾಯಾಧೀಶರು 2020ರಲ್ಲಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿದರು. ಹಲವು ದಾವೆಗಳು ರಾಜಿಯಲ್ಲಿ ಮುಗಿದವು.

ಹಳೆಯ ಎಚ್ಚರಿಕೆಯೊಂದೂ ಇತ್ತು. 1999ರಲ್ಲಿ ಆರ್ಕನ್ಸಾ ರಾಜ್ಯದ ಹ್ಯಾಮಿಲ್ಟನ್ ಸರೋವರದಲ್ಲಿ ಇಂಥದೇ ದೋಣಿ ಮುಳುಗಿ 13 ಮಂದಿ ಸತ್ತಿದ್ದರು. ಮೇಲ್ಛಾವಣಿ ಪ್ರಯಾಣಿಕರನ್ನು ಒಳಗೇ ಸಿಕ್ಕಿಸುತ್ತದೆ, ತೆಗೆಯಿರಿ ಎಂದು ಸಾರಿಗೆ ಸುರಕ್ಷತಾ ಮಂಡಳಿ ಆಮೇಲೆ ಹೇಳಿತ್ತು.

ಬ್ರಾನ್ಸನ್ ದೋಣಿಗೆ ಛಾವಣಿ ಹಾಗೇ ಇತ್ತು. ಅದನ್ನು ತೆಗೆಸುವ ಕಾನೂನಿಗೆ ಅಮೆರಿಕದ ಸಂಸತ್ತು ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ.