ನಿಮಗಿದು ಗೊತ್ತೆ? ಆಟದಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಗೆ ಒಂದೇ ನಿಮಿಷ!

ಚಿಕ್ಕೋಡಿಯಿಂದ ನಿಪ್ಪಾಣಿ ಸುಮಾರು 25 ಕಿ.ಮೀ. ಇದೇ ರಸ್ತೆಯನ್ನು ‘ಯುರೋ ಟ್ರಕ್ ಸಿಮ್ಯುಲೇಟರ್ 2’ ಎಂಬ ವಿಡಿಯೊ ಗೇಮಿನ ಅಳತೆಗೆ ಇಳಿಸಿದರೆ ಉಳಿಯುವುದು ಬರೀ 1.3 ಕಿ.ಮೀ. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ತಂದ ಈ ಆಟದಲ್ಲಿ ಊರಾಚೆಯ ಯುರೋಪ್ ಹೆಚ್ಚುಕಡಿಮೆ 1:19ರಷ್ಟು ಕುಗ್ಗಿದೆ.

ಗಡಿಯಾರವೂ ಅಷ್ಟೇ ಪಟ್ಟು ಬಿರುಸಾಗಿ ಓಡುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಪ್ಪಾಣಿ ತಲುಪಲು ಆಡುವವರಿಗೆ ಹಿಡಿಯುವುದು ಒಂದು ನಿಮಿಷ. ಪರದೆಯ ಗಡಿಯಾರದಲ್ಲಿ ಮಾತ್ರ 19 ನಿಮಿಷ ಕಳೆದಿರುತ್ತದೆ. ಹಾಗಾಗಿ ದೂರದ ಲೆಕ್ಕ ತಪ್ಪುವುದಿಲ್ಲ. ಊರೊಳಗೆ ಹೊಕ್ಕರೆ ಗಡಿಯಾರ ನಿಧಾನವಾಗುತ್ತದೆ.

ನಿಜವಾದ ಜಾಣ್ಮೆ ಇರುವುದು ಬೇರೆಡೆ. ವಾಹನವನ್ನು ಕುಗ್ಗಿಸುವಂತಿಲ್ಲ! ರಾಯಬಾಗ ತಾಲ್ಲೂಕಿನ ಕುಡಚಿಯಿಂದ ಕೃಷ್ಣೆ ದಾಟಿ ಕಾಗವಾಡದ ಉಗಾರಕ್ಕೆ, ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ಹೊರಟ ಕಬ್ಬಿನ ಟ್ರ್ಯಾಕ್ಟರನ್ನು ನೆನೆಯಿರಿ. ದಾರಿಯ ಸೇತುವೆ ಅರ್ಧ ಕಿ.ಮೀ. ಉದ್ದವಿದೆ ಎಂದುಕೊಂಡು, ಅದನ್ನೂ 19 ಪಟ್ಟು ಕುಗ್ಗಿಸಿದರೆ ಸಿಗುವುದು 26 ಮೀಟರ್. ಟ್ರ್ಯಾಕ್ಟರ್ ಸೇತುವೆ ಏರುವಷ್ಟರಲ್ಲೇ ಇಳಿಯಬೇಕಾದೀತು. ಅದಕ್ಕೇ ಆಟ ಕಟ್ಟುವವರು ಸೇತುವೆ, ತಿರುವು, ವೃತ್ತಗಳನ್ನು ನಿಜದಳತೆಗೆ ಹತ್ತಿರವಿಟ್ಟು, ನಡುವಿನ ಹೊಲ–ಹಳ್ಳಿಗಳಿಗೆ ಕತ್ತರಿ ಹಾಕುತ್ತಾರೆ. ನಮ್ಮ ಕಬ್ಬು, ತಂಬಾಕಿನ ಹೊಲಗಳೇ ಮೊದಲು ಹೋಗುತ್ತವೆ ಎಂಬುದು ನೋವಿನ ಮಾತೇ.

ಇದೇ ಸಂಸ್ಥೆಯ ‘ಅಮೆರಿಕನ್ ಟ್ರಕ್ ಸಿಮ್ಯುಲೇಟರ್’ 2016ರಲ್ಲಿ 1:35 ಅಳತೆಯಲ್ಲಿ ಬಂತು. ರಸ್ತೆಗಳು ತೀರಾ ಗಿಡ್ಡವೆಂದು ಆಟಗಾರರು ದೂರಿದಾಗ, ಇಡೀ ನಕಾಶೆಯನ್ನು 1:20ಕ್ಕೆ ಹಿಗ್ಗಿಸಲಾಯಿತು.