ಹೆಬ್ಬೆಟ್ಟಿಗೂ ಒಂದು ಬೀಗ

"ನನ್ನದು ಗುಂಡಿ ಒತ್ತುವ ಸಾದಾ ಫೋನು. ಅಂತರ್ಜಾಲದ ಕಳ್ಳರು ನನ್ನನ್ನೇನು ಮಾಡಿಯಾರು?" ಎನ್ನುವ ಬೆಳೆಗಾರ ಬಂಧುಗಳು ನಮ್ಮಲ್ಲಿ ಅನೇಕರಿದ್ದಾರೆ. ಒ.ಟಿ.ಪಿ. ಯಾರಿಗೂ ಹೇಳಬಾರದೆಂಬುದನ್ನು ಇವರೂ ಬಲ್ಲರು. ಆದರೆ ಒ.ಟಿ.ಪಿ. ಕೇಳದೆಯೇ ಖಾತೆಯಿಂದ ಹಣ ತೆಗೆಯುವ ದಾರಿಯೊಂದಿದೆ. ಅದು ಜಮೀನುಳ್ಳವರನ್ನೇ ಹೆಚ್ಚಾಗಿ ತಟ್ಟುವಂಥದ್ದು.

ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಪುಟ್ಟ ಯಂತ್ರಕ್ಕೆ ಬೆರಳೊತ್ತಿಸಿಕೊಂಡು ಹಣ ಕೊಡುವುದನ್ನು ತಾವು ಕಂಡಿರಬಹುದು. ಇದಕ್ಕೆ ಬೇಕಾದುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು, ಇಷ್ಟೇ. ಪೇಟೆಗೆ ಹೋಗಲಾರದ ವೃದ್ಧರಿಗೆ ಇದು ದೊಡ್ಡ ಉಪಕಾರವೇ ಸರಿ. ತೊಂದರೆ ಇರುವುದು ಬೇರೆಡೆ. ಕ್ರಯಪತ್ರ, ವಿಭಾಗಪತ್ರಗಳ ನೋಂದಣಿಯಲ್ಲಿ ನಾವು ಹೆಬ್ಬೆಟ್ಟನ್ನೂ ಒತ್ತುತ್ತೇವೆ, ಆಧಾರನ್ನೂ ಕೊಡುತ್ತೇವೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಮಾಯವಾಯಿತು. ಕಾವೇರಿ ಜಾಲತಾಣದಿಂದ ಪತ್ರಗಳ ಪ್ರತಿ ತೆಗೆದು ಬೆರಳಚ್ಚನ್ನು ನಕಲು ಮಾಡಿದ ಆರೋಪದ ಮೇಲೆ ಮಂಗಳೂರು ಪೊಲೀಸರು ಆ ವರ್ಷ ಬಿಹಾರದ ಕೆಲವರನ್ನು ಬಂಧಿಸಿದರು.

ಅಡಿಕೆ ಸುಲಿದು ಸವೆದ ನಮ್ಮ ಬೆರಳನ್ನು ಯಂತ್ರವೇ ಗುರುತಿಸುವುದಿಲ್ಲವೆಂದು ನಗುವವರುಂಟು. ನಗಲಿ, ಪತ್ರದ ಮೇಲೆ ಮೂಡಿದ ಗುರುತು ಸವೆಯುವುದಿಲ್ಲ. ಪಟೋರದ ಕೀಲಿಕೈ ಕಳೆದರೆ ಬೀಗ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೇ? ಈಗಾಗಲೇ ಎಷ್ಟು ಕಡೆ ಹೆಬ್ಬೆಟ್ಟು ಒತ್ತಿದ್ದೇವೋ ಲೆಕ್ಕವಿಟ್ಟವರಾರು? ಆದುದರಿಂದ ಮುಂದೆ ಜಾಗರೂಕರಾಗಿದ್ದರೆ ಸಾಲದು.

ಇದಕ್ಕೆ ಬೀಗವಿದೆ, ಖರ್ಚಿಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆಪ್‌ನಲ್ಲಿ 'ಬಯೋಮೆಟ್ರಿಕ್ ಲಾಕ್' ಎಂಬ ಸೌಲಭ್ಯವುಂಟು. ಬೀಗ ಹಾಕಿದ ಮೇಲೆ ನಕಲಿ ಬೆರಳಿರಲಿ, ಸ್ವತಃ ನಮ್ಮ ಬೆರಳಿಗೂ ಹಣ ಬಾರದು. ಆಧಾರಿಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಆಗಿರದಿದ್ದರೆ ಮೊದಲು ಆಧಾರ್ ಸೇವಾ ಕೇಂದ್ರಕ್ಕೆ ಹೋಗತಕ್ಕದ್ದು. ಕೆಲಸ ಗೊತ್ತಿರುವ ಮಗ ಮಗಳೇ ಮಾಡಿಕೊಡಲಿ, ದಾರಿಹೋಕರ ಕೈಗೆ ಫೋನು ಕೊಡುವುದು ಬೇಡ. ಒಂದು ಅನನುಕೂಲವನ್ನು ಮುಚ್ಚಿಡುವಂತಿಲ್ಲ: ಬೀಗ ಹಾಕಿದ್ದಾಗ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯದು. ಆಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು, ಆಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಮನೆಯ ಹಿರಿಯರ, ಅದರಲ್ಲೂ ಪಿಂಚಣಿ ಬರುವ ತಾಯಂದಿರ ಖಾತೆಗಳನ್ನು ಮೊದಲು ನೋಡಿ. ತಿಂಗಳುಗಟ್ಟಲೆ ಯಾರೂ ಪಾಸ್‌ಬುಕ್ ಬರೆಸದ ಖಾತೆಗಳಲ್ಲಿ ಹಣ ಹೋದದ್ದು ತಿಳಿಯುವುದೇ ತಡ. ಲಾಡ್ಜಿಗೋ ಅಂಗಡಿಗೋ ಆಧಾರ್ ಪ್ರತಿ ಕೊಡಬೇಕಾದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ.

ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನು ಮಾಡಿ. ಕಳ್ಳರ ಕೈದಾಟುವ ಮೊದಲೇ ದೂರು ಮುಟ್ಟಿದರೆ ಹಣ ತಡೆಹಿಡಿಯಲು ಅವಕಾಶವಿದೆ. ತಮ್ಮ ತಪ್ಪಿಲ್ಲದೆ ಮೂರನೆಯವರಿಂದ ಹೀಗಾದಾಗ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಸುತ್ತೋಲೆ ಹೊರಡಿಸಿದೆ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ದೂರನ್ನು ಬರೆದುಕೊಟ್ಟು, ಅದರ ಪ್ರತಿಯ ಮೇಲೆ ದಿನಾಂಕ ಸಹಿತ ಬ್ಯಾಂಕಿನ ಮುದ್ರೆ ಹಾಕಿಸಿಕೊಳ್ಳಿ.